ಮುತ್ತಜ್ಜನ ಅರವತ್ತಮೂರು ಗಾಜುಗಳು ಮತ್ತು ಬಸವನಗುಡಿಯ ಒಂದು ಸ್ಟುಡಿಯೊ

ಹಳೆಯ ಗಾಜಿನ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿಕೊಡುವ ಪುಟ್ಟ ಸ್ಟುಡಿಯೊ ಒಂದು ಬಸವನಗುಡಿಯಲ್ಲಿದೆ. ಗಾಂಧಿ ಬಜಾರಿನ ಹೂವಿನ ಸಾಲು ದಾಟಿ ಎರಡು ತಿರುವು ಹೋದರೆ ಸಿಗುವ ಹಳೆಯ ಮನೆಯೊಂದರ ಮೊದಲ ಮಹಡಿಯಲ್ಲಿ, ಎರಡೇ ಕೋಣೆಗಳಲ್ಲಿ ಅದು ನಡೆಯುತ್ತದೆ. ನಮ್ಮ ಮುತ್ತಜ್ಜ 1909ರಿಂದ 1926ರವರೆಗೆ ಊರಿನಲ್ಲಿ ತೆಗೆದ ಚಿತ್ರಗಳ 63 ಗಾಜುಗಳನ್ನು ಕಳೆದ ವರ್ಷ ಅಲ್ಲಿಗೆ ಒಯ್ದು ಕೊಟ್ಟಿದ್ದೆ. ಹನ್ನೊಂದು ವಾರಗಳ ನಂತರ ಅವೆಲ್ಲವೂ ಎಲ್ಲಿಯೂ ಮುಕ್ಕಾಗದೆ ಮನೆಗೆ ಹಿಂದಿರುಗಿದವು. ಇಂಥ ಗಾಜುಗಳನ್ನು ಯಾರ ಕೈಗೆ ಕೊಡುವುದು ಎಂಬ ಅಳುಕು ನನಗಿದ್ದಂತೆಯೇ ಬೇರೆಯವರಿಗೂ ಇರುತ್ತದೆ. ಆ ಕಾರಣಕ್ಕೆ ಈ ವಿಮರ್ಶೆಯನ್ನು ವಿವರವಾಗಿಯೇ ಬರೆಯುತ್ತಿದ್ದೇನೆ. ಸ್ಟುಡಿಯೊ ನಡೆಸುವವರು ಒಬ್ಬರೇ, ಸಹಾಯಕ್ಕೆ ಒಬ್ಬ ಯುವತಿ ಇದ್ದಾರೆ. ಕೈಯಲ್ಲಿರುವ ಕೆಲಸವೇ ಹೆಚ್ಚಾಗಿರುವುದರಿಂದ ಹೆಸರಾಗಲಿ ಫೋನ್ ಸಂಖ್ಯೆಯಾಗಲಿ ಹಾಕಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ. ಬಜಾರಿನಲ್ಲಿ ಫೋಟೊಗೆ ಕಟ್ಟು ಹಾಕುವವರನ್ನು ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ಮುತ್ತಜ್ಜ ತುರುವೇಕೆರೆ ಸೀಮೆಯ ಒಂದು ಹಳ್ಳಿಯಲ್ಲಿ ಶಾನುಭೋಗರಾಗಿದ್ದರು. ಛಾಯಾಗ್ರಹಣ ಅವರ ವೃತ್ತಿಯಾಗಿರಲಿಲ್ಲ; ಅದರಿಂದ ಅವರು ಒಂದು ಕಾಸನ್ನೂ ಸಂಪಾದಿಸಲಿಲ್ಲ. ಬೆಂಗಳೂರಿನ ದಂಡಿನಲ್ಲಿ ಯಾರೋ ದೊರೆ ಸ್ವದೇಶಕ್ಕೆ ಹೊರಟಾಗ ಮಾರಿದ, ಹಾಫ್ ಪ್ಲೇಟ್ ಎಂಬ ಅಳತೆಯ ಗಾಜು ಹಿಡಿಸುವ ಕ್ಯಾಮೆರಾವನ್ನು ಅವರು ಕೊಂಡು, ರೈಲಿನಲ್ಲಿ ಬಾಣಸಂದ್ರದವರೆಗೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಹುಲ್ಲಿನ ನಡುವೆ ಇಟ್ಟುಕೊಂಡು ಊರಿಗೆ ತಂದರು ಎಂದು ಮನೆಯಲ್ಲಿ ಹೇಳುತ್ತಿದ್ದರು. ಹಳ್ಳಿಯ ಮನೆಯೊಂದರಲ್ಲಿ ಹವ್ಯಾಸಿಯೊಬ್ಬರು ಹೀಗೆ ಚಿತ್ರ ತೆಗೆಯುವುದು ಅದಕ್ಕೆ ಮೂವತ್ತು ನಲವತ್ತು ವರ್ಷ ಮುಂಚೆ ಬಹುಮಟ್ಟಿಗೆ ಆಗದ ಮಾತಾಗಿತ್ತು. ಮೊದಲಿನ ಒದ್ದೆ ಪ್ಲೇಟಿನ ವಿಧಾನದಲ್ಲಿ ಗಾಜಿಗೆ ರಾಸಾಯನಿಕ ಬಳಿದು, ಅದು ಆರುವ ಮುನ್ನವೇ ಚಿತ್ರ ತೆಗೆದು, ಅಲ್ಲೇ ಕತ್ತಲೆಯಲ್ಲಿ ತೊಳೆಯಬೇಕಿತ್ತು. ರಿಚರ್ಡ್ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯರು 1871ರಲ್ಲಿ ಜೆಲಾಟಿನ್ ಲೇಪದ ಒಣ ಪ್ಲೇಟಿನ ವಿಧಾನವನ್ನು ಪ್ರಕಟಿಸಿದರು. ಆ ದಶಕದ ಕೊನೆಯ ಹೊತ್ತಿಗೆ ಕಾರ್ಖಾನೆಗಳು ಅಂಥ ಪ್ಲೇಟುಗಳನ್ನು ಡಬ್ಬಿಗಳಲ್ಲಿ ತುಂಬಿ ಮಾರತೊಡಗಿದವು. ಈ ದಿನ ಚಿತ್ರ ತೆಗೆದು ವಾರ ಕಳೆದ ಮೇಲೆ ತೊಳೆದರೂ ನಡೆಯುತ್ತಿದ್ದುದರಿಂದ ಕ್ಯಾಮೆರಾ ಹಳ್ಳಿಗೂ ಬರಲು ಸಾಧ್ಯವಾಯಿತು. ನಮ್ಮ ಮನೆಯಲ್ಲಿ ಉಳಿದಿರುವ ಆರು ಡಬ್ಬಿಗಳೂ ಇಲ್ಫರ್ಡ್ ಕಂಪನಿಯವು, ಡಬ್ಬಿಗೆ ಹನ್ನೆರಡರಂತೆ ಗಾಜು ಹಿಡಿಸುವಂಥವು.

ಡಬ್ಬಿಗಳ ಮೇಲೆ ಮುತ್ತಜ್ಜ ಪೆನ್ಸಿಲಿನಲ್ಲಿ ಸಂವತ್ಸರ, ಮಾಸ, ಎಣಿಕೆ ಇಷ್ಟನ್ನು ಬರೆದಿದ್ದಾರೆ. ‘ಸೌಮ್ಯ ಸಂ॥ ಕಾರ್ತಿಕ, ನೆರಳು, 4’ ಎಂದಿದ್ದರೆ ನೆರಳಿನಲ್ಲಿ ಮಸೂರದ ಮುಚ್ಚಳ ತೆಗೆದು ನಾಲ್ಕು ಎಣಿಸಿ ಮುಚ್ಚಿದರು ಎಂದರ್ಥ. ಉಗ್ರಾಣವೇ ಅವರ ಕತ್ತಲೆ ಕೋಣೆ. ಲಾಂದ್ರಕ್ಕೆ ಕೆಂಪು ಬಟ್ಟೆ ಸುತ್ತಿ, ಬಾವಿಯ ನೀರು ತಣ್ಣಗಿರುವ ಬೆಳಗಿನ ಜಾವದಲ್ಲಿ ಪ್ಲೇಟು ತೊಳೆಯುತ್ತಿದ್ದರಂತೆ. ನೀರು ಬೆಚ್ಚಗಾದರೆ ಜೆಲಾಟಿನ್ ಮೆತ್ತಗಾಗಿ ಅಂಚಿನಲ್ಲಿ ನೆರಿಗೆ ಬಿದ್ದು ಗಾಜಿನಿಂದ ಏಳುತ್ತದೆ. ಅದನ್ನು ತಡೆಯಲು ಬಿಸಿ ನಾಡುಗಳ ಛಾಯಾಗ್ರಾಹಕರು ಪಟಿಕದ ನೀರಿನಲ್ಲಿ ಪ್ಲೇಟನ್ನು ಅದ್ದಿ ಗಟ್ಟಿ ಮಾಡುತ್ತಿದ್ದರು. ಕೆರೆಯ ನೀರು ತಿಳಿಯಾಗಲೆಂದು ಕೊಡಕ್ಕೆ ಹಾಕುತ್ತಿದ್ದ ಪಟಿಕ ನಮ್ಮ ಮನೆಯಲ್ಲಿ ಈ ಕೆಲಸಕ್ಕೂ ಬರುತ್ತಿತ್ತು ಎಂಬುದು ನನಗೆ ತಿಳಿದದ್ದು ಸ್ಟುಡಿಯೊದ ಮಾಲೀಕರು ಗಾಜಿನ ಅಂಚುಗಳನ್ನು ನೋಡಿ ‘ನಿಮ್ಮ ತಾತ ಪಟಿಕ ಬಳಸಿರಬೇಕು, ಎಲ್ಲೂ ಲೇಪ ಎದ್ದಿಲ್ಲ’ ಎಂದಾಗ. ನಮ್ಮ ಸೋದರತ್ತೆ, ಮುತ್ತಜ್ಜನ ಮೊಮ್ಮಗಳು, ಕೂಡಲೇ ‘ಹೌದು, ಉಗ್ರಾಣದ ಗೂಡಿನಲ್ಲಿ ಪಟಿಕದ ಗಡ್ಡೆ ಇರ್ತಿತ್ತು, ನಾವು ಕಲ್ಲುಸಕ್ಕರೆ ಅಂತ ನೆಕ್ಕಿ ಬೈಸಿಕೊಂಡಿದ್ದೀವಿ’ ಎಂದರು.

ಈ ಸ್ಟುಡಿಯೊಗೆ ಬರುವ ಮುನ್ನ ಆದ ಅನುಭವವನ್ನು ಹೇಳದಿದ್ದರೆ ಇಲ್ಲಿಯ ಕೆಲಸದ ಬೆಲೆ ತಿಳಿಯುವುದಿಲ್ಲ. ಎರಡು ವರ್ಷಗಳ ಹಿಂದೆ ನಗರದ ಇನ್ನೊಂದು ಕಡೆಯ ಒಂದು ಅಂಗಡಿಗೆ ನಾಲ್ಕು ಗಾಜುಗಳನ್ನು ಕೊಟ್ಟಿದ್ದೆ. ಮೂರೇ ದಿನಗಳಲ್ಲಿ ಹೊಳೆಯುವ ಕಾಗದದ ಮೇಲೆ ದೊಡ್ಡ ಪ್ರತಿಗಳು ಬಂದವು, ಬೆಲೆಯೂ ಕಡಿಮೆಯೇ. ಮನೆಯಲ್ಲಿ ಅತ್ತೆ ಮೊದಲ ಚಿತ್ರವನ್ನು ಕೈಗೆತ್ತಿಕೊಂಡವರೇ ‘ಇದೇನೇ, ದೊಡ್ಡ ತಾತ ಅಪಸವ್ಯದಲ್ಲಿ ಕೂತಿದಾರೆ? ಶ್ರಾದ್ಧದ ದಿನ ಯಾರಾದರೂ ಫೋಟೊ ತೆಗೀತಾರಾ?’ ಎಂದು ಬೆಚ್ಚಿದರು. ನೋಡಿದರೆ ಎಡ ಹೆಗಲಿನ ಮೇಲಿರಬೇಕಾದ ಮುತ್ತಜ್ಜನ ಅಣ್ಣನವರ ಜನಿವಾರ, ಶ್ರಾದ್ಧದಲ್ಲಿ ಹಾಕಿಕೊಳ್ಳುವಂತೆ, ಬಲ ಹೆಗಲಿನ ಮೇಲಿತ್ತು. ಗಾಜಿನ ಲೇಪವಿರುವ ಮಗ್ಗುಲನ್ನು ಮಸೂರದ ಕಡೆಗೆ ಮಾಡಿ ಸ್ಕ್ಯಾನ್ ಮಾಡಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಾಗಿ ಬರುತ್ತದೆ, ಅದನ್ನು ಆಮೇಲೆ ತಿರುಗಿಸಬೇಕು. ಆ ಅಂಗಡಿಯವರು ತಿರುಗಿಸಿರಲಿಲ್ಲ. ಹೆಂಗಸರ ಸೆರಗು ಕೂಡ ಬಲಭುಜಕ್ಕೆ ಬಂದಿತ್ತು. ಇನ್ನೊಂದು ಚಿತ್ರವನ್ನು ಕಟ್ಟಿನ ಅಳತೆಗೆ ಹೊಂದಿಸಲು ಎರಡೂ ಬದಿ ಕತ್ತರಿಸಿದ್ದರು.

ನಾಲ್ಕನೆಯ ಚಿತ್ರದಲ್ಲಿ ಆದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಅದರಲ್ಲಿ ಮುತ್ತಜ್ಜನ ತಂಗಿ, ಮನೆಯವರೆಲ್ಲ ಮಡಿ ಅಜ್ಜಿ ಎಂದು ಕರೆಯುತ್ತಿದ್ದವರು, ಹಿತ್ತಿಲ ತುಳಸಿಕಟ್ಟೆಯ ಬಳಿ ನಿಂತಿದ್ದಾರೆ. ಅವರು ಹತ್ತು ವರ್ಷ ತುಂಬುವ ಮುಂಚೆಯೇ ಗಂಡನನ್ನು ಕಳೆದುಕೊಂಡು, ಮೈನೆರೆದ ಮೇಲೆ ಕೇಶಮುಂಡನ ಮಾಡಿಸಿಕೊಂಡು, ಕೆಂಪು ಸೀರೆಯಲ್ಲೇ ಬಾಳಿದವರು. ಅಂಗಡಿಯವರು ಕಂಪ್ಯೂಟರಿನ ತಂತ್ರಾಂಶದಿಂದ ಮುಖವನ್ನು ‘ಸ್ಪಷ್ಟ’ ಮಾಡಿಸಿ, ಬಣ್ಣ ತುಂಬಿಸಿದ್ದರು. ತಂತ್ರಾಂಶ ಅವರ ಸೆರಗಿನ ಕೆಳಗೆ ದಟ್ಟ ಕಪ್ಪು ಕೂದಲನ್ನು ಬರೆದಿತ್ತು, ಸೀರೆಗೆ ಕಡುನೀಲಿ ಬಣ್ಣ ಕೊಟ್ಟಿತ್ತು, ತುಟಿಯಲ್ಲಿ ನಗು ಮೂಡಿಸಿತ್ತು. ಒಬ್ಬ ಹೆಣ್ಣುಮಗಳು ಬದುಕಿನುದ್ದಕ್ಕೂ ಹೊತ್ತ ಕಷ್ಟವನ್ನು ಹಾಗೆ ಅಳಿಸಿಹಾಕಲು ಯಾರಿಗೂ ಅಧಿಕಾರವಿಲ್ಲ ಎಂದು ನನಗೆ ಆ ದಿನ ತೀವ್ರವಾಗಿ ಅನಿಸಿತು. ಅಲ್ಲಿಂದ ಮುಂದೆ ಉಳಿದ ಗಾಜುಗಳನ್ನು ನಾನು ಅಟ್ಟದಿಂದ ಇಳಿಸಲೇ ಇಲ್ಲ. ಕಸ್ತೂರ್ಬಾ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯಕ್ಕೆ ಹೋಗಿ, ಹಳೆಯ ಚಿತ್ರಗಳನ್ನು ಎಷ್ಟು ಗೌರವದಿಂದ ಇಡಬಹುದು ಎಂಬುದನ್ನು ನೋಡಿ ಬಂದ ಮೇಲೆಯೇ ಮತ್ತೆ ಹುಡುಕಾಟ ಶುರುಮಾಡಿದೆ.

ಗಾಜುಗಳನ್ನು ಹತ್ತಿಯ ಹಳೆಯ ಪಂಚೆಗಳಲ್ಲಿ ಸುತ್ತಿ, ಡಬ್ಬಿಗಳನ್ನು ಒಂದು ಟ್ರಂಕಿನಲ್ಲಿಟ್ಟು, ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು ವಿಜಯನಗರದಿಂದ ಬಸವನಗುಡಿಗೆ ಆಟೋದಲ್ಲಿ ಹೋದೆ. ಸ್ಟುಡಿಯೊದಲ್ಲಿ ಮೊದಲ ಒಂದು ಗಂಟೆ ಸ್ಕ್ಯಾನರಿನ ಮಾತೇ ಬರಲಿಲ್ಲ. ಮಾಲೀಕರು ನೈಟ್ರೈಲ್ ಕೈಗವಸು ಹಾಕಿಕೊಂಡು ಒಂದೊಂದೇ ಗಾಜನ್ನು ಅಂಚಿನಲ್ಲಿ ಹಿಡಿದು ಓರೆ ಬೆಳಕಿಗೆ ತಿರುಗಿಸಿ ನೋಡುತ್ತ ಹೋದರು, ಸಹಾಯಕಿ ನೋಂದಣಿ ಪುಸ್ತಕದಲ್ಲಿ ಬರೆಯುತ್ತ ಹೋದರು. ಹತ್ತಿಯ ಕೈಗವಸು ಏಕೆ ಬೇಡ ಎಂದು ಕೇಳಿದ್ದಕ್ಕೆ, ಗಾಜು ಅದರಲ್ಲಿ ಜಾರುತ್ತದೆ, ಎದ್ದ ಲೇಪಕ್ಕೆ ನೂಲೆಳೆ ಸಿಕ್ಕಿಕೊಳ್ಳುತ್ತದೆ ಎಂದರು. 63ರಲ್ಲಿ 41 ಹಾಫ್ ಪ್ಲೇಟುಗಳು, ಅಂದರೆ ನಾಲ್ಕೂಮುಕ್ಕಾಲು ಇಂಚಿಗೆ ಆರೂವರೆ ಇಂಚಿನವು. 22 ಕ್ವಾರ್ಟರ್ ಪ್ಲೇಟುಗಳು, ಮೂರೂಕಾಲು ಇಂಚಿಗೆ ನಾಲ್ಕೂಕಾಲು ಇಂಚಿನವು. ಹಾಫ್ ಪ್ಲೇಟುಗಳಲ್ಲಿ ಐದು ಒಡೆದಿದ್ದವು. ಅಡುಗೆಮನೆಯ ಮೇಲಿನ ಅಟ್ಟದಲ್ಲಿದ್ದ ಡಬ್ಬಿಗಳಿಗೆ ಬೂಷ್ಟು ಹಿಡಿದಿರಲಿಲ್ಲ, ಹೊಗೆಯಿಂದಾಗಿ ಅಲ್ಲಲ್ಲಿ ಹಳದಿ ತಿರುಗಿತ್ತು, ಅಷ್ಟೇ. ನೆಲದ ಮೇಲಿನ ಪೆಠಾರಿಯಲ್ಲಿದ್ದ ಎರಡು ಡಬ್ಬಿಗಳಿಗೆ ಮಳೆಗಾಲದ ತೇವ ತಗುಲಿ ಬಿಳಿಯ ಬಲೆಯಂಥ ಬೂಷ್ಟು ಹಬ್ಬಿತ್ತು. ಎಷ್ಟೋ ಗಾಜುಗಳ ಅಂಚಿನಲ್ಲಿ ನವಿಲುಗರಿಯಂತೆ ನೀಲಿ ಮಿಶ್ರಿತ ಹೊಳಪಿತ್ತು. ನಾನು ಅದನ್ನು ಎಣ್ಣೆಯ ಜಿಡ್ಡು ಎಂದುಕೊಂಡು ಒರೆಸಲು ಹೋಗಿದ್ದೆ. ಅದು ಚಿತ್ರದೊಳಗಿನ ಬೆಳ್ಳಿಯೇ ಕಾಲಕ್ರಮದಲ್ಲಿ ಮೇಲಕ್ಕೆ ಬಂದು ಕಟ್ಟುವ ಪದರ, ಒರೆಸಿದರೆ ಚಿತ್ರವೇ ಹೋಗುತ್ತದೆ ಎಂದು ಅವರು ತಡೆದರು.

ಶುಚಿ ಮಾಡುವ ವಿಷಯದಲ್ಲಿ ಅವರದು ಅತಿ ಮಿತವಾದ ಕೈ. ಲೇಪದ ಮಗ್ಗುಲಿಗೆ ರಬ್ಬರ್ ಬಲ್ಬಿನಿಂದ ಊದುವುದು, ಮೃದುವಾದ ಕುಂಚದಿಂದ ಧೂಳು ತೆಗೆಯುವುದು, ಇಷ್ಟನ್ನು ಬಿಟ್ಟು ಬೇರೇನೂ ಇಲ್ಲ. ಹನಿ ನೀರೂ ಸೋಕುವಂತಿಲ್ಲ. ಗಾಜಿನ ಮಗ್ಗುಲನ್ನು ಮಾತ್ರ ಹಿಂಡಿದ ಹತ್ತಿಯಿಂದ ಒರೆಸುತ್ತಾರೆ. ಬಳಿಕ ಕೆಳಗಿನಿಂದ ಸಮನಾದ ಬೆಳಕು ಬರುವ ಮೇಜಿನ ಮೇಲೆ, ಗಾಜಿಗೆ ಗಾಜು ತಾಗದಂತೆ ನಾಲ್ಕು ಮೂಲೆಗೂ ತೆಳು ಪಟ್ಟಿ ಕೊಟ್ಟು, ಲೇಪವನ್ನು ಮೇಲೆ ಮಾಡಿ ಇಟ್ಟು ಚಿತ್ರ ತೆಗೆಯುತ್ತಾರೆ, ಆಮೇಲೆ ಎಡಬಲವನ್ನು ಸರಿಪಡಿಸುತ್ತಾರೆ. ಇಂಚಿಗೆ 1200 ಚುಕ್ಕೆಗಳ ಲೆಕ್ಕದಲ್ಲಿ ಒಂದು ಹಾಫ್ ಪ್ಲೇಟಿಗೆ ಸುಮಾರು 4.4 ಕೋಟಿ ಚುಕ್ಕೆಗಳಾಗುತ್ತವೆ. ಅದನ್ನು 16 ಬಿಟ್‌ನ ಟಿಫ್ ಫೈಲಾಗಿ, ಅಂದರೆ ಚಿತ್ರದ ವಿವರ ಕಳೆಯದಂಥ ಫೈಲಾಗಿ, ಉಳಿಸಿಕೊಡುತ್ತಾರೆ, ಒಂದೊಂದೂ 90 ಎಂಬಿಯ ಆಸುಪಾಸು. ಪ್ರತಿ ಗಾಜಿಗೆ ಎರಡು ಫೈಲು: ಒಂದು, ಬಿರುಕು ಬೂಷ್ಟು ಸಮೇತ ಗಾಜು ಹೇಗಿದೆಯೋ ಹಾಗೆ, ನಾಲ್ಕೂ ಅಂಚು ಕಾಣುವಂತೆ, ಇನ್ನೊಂದು, ಬೆಳಕು ನೆರಳನ್ನು ಹದಗೊಳಿಸಿದ್ದು. ಹದಗೊಳಿಸಿದ್ದರಲ್ಲೂ ಇಲ್ಲದ ಕಣ್ಣು ಮೂಗು ತುಂಬುವುದಿಲ್ಲ. ಬಣ್ಣ ಹಾಕುವ ಕೆಲಸವನ್ನು ಅವರು ಒಪ್ಪಿಕೊಳ್ಳುವುದೇ ಇಲ್ಲ.

ಒಡೆದ ಐದು ಗಾಜುಗಳಲ್ಲಿ ಒಂದಕ್ಕೆ ನಮ್ಮ ಚಿಕ್ಕಪ್ಪ ಹಿಂದೊಮ್ಮೆ ಸೆಲೊಟೇಪು ಅಂಟಿಸಿದ್ದರು. ಪುಣ್ಯಕ್ಕೆ ಅದು ಗಾಜಿನ ಮಗ್ಗುಲಿಗಿತ್ತು. ಅದನ್ನು ಬಿಡಿಸಲು ಎರಡು ದಿನ ಹಿಡಿಯಿತಂತೆ. ಚೂರುಗಳನ್ನು ಸ್ವಚ್ಛವಾದ ಒಂದು ಗಾಜಿನ ಮೇಲೆ ಕೂದಲೆಳೆ ಅಂತರ ಬಿಟ್ಟು ಜೋಡಿಸಿ, ಯಾವ ಅಂಟೂ ಹಾಕದೆ ಚಿತ್ರ ತೆಗೆದಿದ್ದಾರೆ. ಚೂರು ಚೂರಿಗೂ ಪ್ರತ್ಯೇಕ ಕಾಗದದ ಹೊದಿಕೆ ಮಾಡಿ, ಗುರುತು ಬರೆದು ಹಿಂದಿರುಗಿಸಿದರು.

ಈಗ ಜಗಲಿಯ ಚಿತ್ರದ ವಿಷಯ. ನಮ್ಮ ಊರಿನ ಮನೆಯ ಪಡಸಾಲೆಯಲ್ಲಿ, ನಾನು ಕಣ್ಣು ಬಿಟ್ಟಾಗಿನಿಂದ ನೋಡಿದ ಒಂದು ಚಿತ್ರವಿತ್ತು: ಜಗಲಿಯ ಮೇಲೆ ಒಂಬತ್ತು ಜನ, ನಡುವೆ ಮುತ್ತಜ್ಜನ ತಾಯಿ, ಅಕ್ಕಪಕ್ಕ ಗಂಡಸರು, ಕೆಳಗೆ ಚಾಪೆಯ ಮೇಲೆ ಮಕ್ಕಳು. ಆಗಿನವರು ಗಾಜಿನ ಮೇಲೆ ಕಾಗದವನ್ನೇ ಒತ್ತಿಟ್ಟು ಬಿಸಿಲಿಗೆ ಹಿಡಿದು ಪ್ರತಿ ಮಾಡುತ್ತಿದ್ದುದರಿಂದ ಚಿತ್ರವೂ ಗಾಜಿನಷ್ಟೇ ಅಳತೆಯದು, ಅಂಗೈಯಗಲದ್ದು. ಆ ಚಿತ್ರದ ಗಾಜನ್ನು ಕೈಗೆತ್ತಿಕೊಂಡಾಗ ಮಾಲೀಕರು ಸುಮ್ಮನಾದರು. ಅದರ ಬಲ ಅಂಚಿನುದ್ದಕ್ಕೂ ಒಂದಿಂಚು ಅಗಲದ ಕಪ್ಪು ಕಾಗದದ ಪಟ್ಟಿಯನ್ನು ಗಾಜಿನ ಮಗ್ಗುಲಿಗೆ ಅಂಟಿಸಲಾಗಿತ್ತು. ಅವರು ಕೆಲಸ ನಿಲ್ಲಿಸಿ ನನಗೆ ಫೋನ್ ಮಾಡಿ, ಮನೆಯ ಹಿರಿಯರೊಬ್ಬರನ್ನು ಕರೆತರಲು ಹೇಳಿದರು. ತ್ಯಾಗರಾಜನಗರದಲ್ಲಿರುವ ಅತ್ತೆಯನ್ನು ಕರೆದುಕೊಂಡು ಹೋದೆ. ಎಂಬತ್ತನಾಲ್ಕು ವರ್ಷದ ಅತ್ತೆ ಆ ಕಡಿದಾದ ಮೆಟ್ಟಿಲುಗಳನ್ನು ಮೂರು ಕಡೆ ನಿಂತು ಹತ್ತಿದರು.

‘ಅಮ್ಮಾ, ಈ ಕಾಗದವನ್ನು ಯಾರೋ ಬೇಕೆಂದೇ ಅಂಟಿಸಿದ್ದಾರೆ. ಪ್ರತಿ ತೆಗೆಯುವಾಗ ಆ ಭಾಗ ಬರಬಾರದು ಅಂತ ಹೀಗೆ ಮಾಡುತ್ತಿದ್ದರು. ಮೊದಲು ಇದ್ದ ಹಾಗೇ ಒಂದು ಸ್ಕ್ಯಾನ್ ಮಾಡಿ ಇಟ್ಟಿದ್ದೇನೆ. ಕಾಗದ ತೆಗೆಯಬೇಕೋ ಬೇಡವೋ ನೀವೇ ಹೇಳಬೇಕು’ ಎಂದರು ಮಾಲೀಕರು. ಅತ್ತೆ ಸ್ವಲ್ಪ ಹೊತ್ತು ಗಾಜನ್ನೇ ನೋಡಿ, ‘ಆ ತುದೀಲಿ ಯಾರಿದ್ದರೂ ನಮ್ಮನೆಯವರೇ ತಾನೇ? ತೆಗೀರಿ’ ಎಂದರು. ಹಿಂಡಿದ ಹತ್ತಿಯಿಂದ ಕಾಗದವನ್ನು ಒಂದಿಷ್ಟೇ ತೇವ ಮಾಡಿ, ಮೂಳೆಯ ಚಪ್ಪಟೆ ಕಡ್ಡಿಯಿಂದ ಎಬ್ಬಿಸಿ, ಮುಕ್ಕಾಲು ಗಂಟೆಯಲ್ಲಿ ಅವರು ಅದನ್ನು ಇಡಿಯಾಗಿ ಬಿಡಿಸಿದರು. ಬೆಳಕಿನ ಮೇಜಿನ ಮೇಲಿಟ್ಟು, ಪರದೆಯ ಮೇಲೆ ಚಿತ್ರ ಮೂಡಿದಾಗ, ಮೂಲೆಯ ಕಂಬದ ಮಗ್ಗುಲಲ್ಲಿ, ಜಗಲಿಯ ಮೇಲೆ ಅಲ್ಲ, ಜಗಲಿಯ ಕೆಳಗೆ ನೆಲದ ಮೇಲೆ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎಡಗೈಯಲ್ಲಿ ಅದರ ತುದಿಯನ್ನು ಗಲ್ಲದ ಕೆಳಗೆ ಹಿಡಿದು ನಿಂತ ಒಬ್ಬ ಹೆಂಗಸು ಕಂಡರು. ‘ಮಡಿ ಅಜ್ಜಿ’ ಎಂದರು ಅತ್ತೆ. ‘ಹಾಗೇ ಹಿಡ್ಕೊಳ್ಳೋಳು ಸೆರಗನ್ನ. ನಮ್ಮನ್ನೆಲ್ಲ ಎತ್ತಿ ಆಡಿಸಿದವಳು ಕಣೇ.’ ಅವರ ಕಾಲ ಬಳಿ ಒಂದು ಹಿತ್ತಾಳೆಯ ಕೊಡವಿದೆ. ನೀರಿಗೆ ಹೊರಟವರನ್ನು ನಿಲ್ಲಿಸಿ ಮುತ್ತಜ್ಜ ಚೌಕಟ್ಟಿನೊಳಗೆ ಸೇರಿಸಿಕೊಂಡಿರಬೇಕು. ಮಾಲೀಕರು ತಾವಾಗಿಯೇ ಪರದೆಯ ಮುಂದಿನ ಕುರ್ಚಿ ಬಿಟ್ಟೆದ್ದು ಅತ್ತೆಯನ್ನು ಕೂರಿಸಿ, ಸಹಾಯಕಿಯೊಡನೆ ಹೊರಗೆ ಹೋದರು. ಬಿಡಿಸಿದ ಕಾಗದದ ಪಟ್ಟಿಯನ್ನೂ ಅವರು ಎಸೆಯಲಿಲ್ಲ. ಅದನ್ನು ಬೇರೆ ಲಕೋಟೆಯಲ್ಲಿಟ್ಟು, ಗಾಜಿನ ಸಂಖ್ಯೆ ಬರೆದು ಕೊಟ್ಟಿದ್ದಾರೆ.

ಪೇಟೆಯ ಸ್ಟುಡಿಯೊದ ಚಿತ್ರಗಳಲ್ಲಿ ಬಣ್ಣದ ಪರದೆ, ಕೆತ್ತನೆಯ ಕುರ್ಚಿ, ಜರಿಯ ಪೇಟ ಎಲ್ಲ ಇರುತ್ತವೆ, ಆದರೆ ಮಡಿ ಅಜ್ಜಿಯಂಥವರು ಅಲ್ಲಿಗೆ ಹೋಗುತ್ತಿರಲಿಲ್ಲ, ಅವರನ್ನು ಯಾರೂ ಕರೆದೊಯ್ಯುತ್ತಲೂ ಇರಲಿಲ್ಲ. ಮುತ್ತಜ್ಜನ 63 ಗಾಜುಗಳಲ್ಲಿ ಏಳರಲ್ಲಿ ಅವರಿದ್ದಾರೆ. ಮನೆಯೊಳಗಿನವರೇ ಕ್ಯಾಮೆರಾ ಹಿಡಿದರೆ ಯಾರು ಯಾರು ಚಿತ್ರಕ್ಕೆ ಬರುತ್ತಾರೆ ಎಂಬುದು ಬದಲಾಗುತ್ತದೆ. ಪಂಜಾಬಿನ ಉಮ್ರಾವ್ ಸಿಂಗ್ ಶೇರ್‌ಗಿಲ್ (1870–1954) ಕೂಡ ಹವ್ಯಾಸಿಯೇ. ಅವರು ದಶಕಗಳ ಕಾಲ ತಮ್ಮ ಹೆಂಡತಿ ಮಕ್ಕಳನ್ನೂ ತಮ್ಮನ್ನೂ ಚಿತ್ರಿಸುತ್ತ ಹೋದದ್ದರಿಂದ ಕಲಾವಿದೆ ಅಮೃತಾ ಶೇರ್‌ಗಿಲ್ ಅವರ ಬಾಲ್ಯವನ್ನು ನಾವಿಂದು ಕಣ್ಣಾರೆ ನೋಡಬಹುದಾಗಿದೆ. ಅವರದು ಶ್ರೀಮಂತ ಮನೆತನ, ನಮ್ಮದು ಹಳ್ಳಿಯ ಲೆಕ್ಕ ಬರೆಯುವ ಮನೆ. ಆದರೂ ತನ್ನವರನ್ನು ದಿನದ ಬೆಳಕಿನಲ್ಲಿ ನೋಡುತ್ತಲೇ ಇರಬೇಕೆಂಬ ಆಸೆ ಎರಡೂ ಕಡೆ ಒಂದೇ.

ಕಣದ ಚಿತ್ರದ ಕುರಿತು ಬರೆಯದೆ ಮುಂದೆ ಹೋಗಲಾರೆ. ಸಾಧಾರಣ ಸಂವತ್ಸರದ್ದು, ಅಂದರೆ 1910–11ರ ಸುಗ್ಗಿಯದು. ಮೇಟಿಯ ಸುತ್ತ ಎತ್ತುಗಳು ರೋಣಗಲ್ಲು ಎಳೆಯುತ್ತಿವೆ, ಅವುಗಳ ತಲೆಗಳು ಅಲುಗಿ ಮಸುಕಾಗಿವೆ, ಹಿಂದೆ ಬಣವೆ, ಅದರಾಚೆ ತೆಂಗಿನ ಸಾಲು. ಮನೆಯಲ್ಲಿದ್ದ ಮಾಸಿದ ಪ್ರತಿಯಲ್ಲಿ ಇಷ್ಟೇ ಕಾಣುತ್ತಿತ್ತು. ಪರದೆಯ ಮೇಲೆ ಹಿಗ್ಗಿಸಿದಾಗ ಬಣವೆಯ ನೆರಳಿನಲ್ಲಿ ಒಬ್ಬ ಹೆಂಗಸು ಮೊರವನ್ನು ತಲೆಗಿಂತ ಎತ್ತರಕ್ಕೆ ಎತ್ತಿ ರಾಗಿ ತೂರುತ್ತಿರುವುದು, ಮೊರದಿಂದ ನೆಲದವರೆಗೆ ಕಾಳು ಬೀಳುವುದು ಒಂದು ಬೆಳ್ಳನೆಯ ಎಳೆಯಾಗಿ ಮೂಡಿರುವುದು, ರಾಶಿಯ ನೆತ್ತಿಯ ಮೇಲೆ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕ ಕುಳಿತಿರುವುದು, ಎಲ್ಲವೂ ಕಂಡವು. ಕೆಲಸ ಮಾಡುತ್ತಿರುವ ಆರು ಜನರಲ್ಲಿ ಒಬ್ಬರ ಹೆಸರೂ ಡಬ್ಬಿಯ ಮೇಲಿಲ್ಲ, ಎತ್ತುಗಳ ಹೆಸರು ಮಾತ್ರ ಇದೆ. ಅದು ನಮ್ಮ ಮನೆತನದ ಲೋಪ ಎಂದೇ ನಾನು ತಿಳಿಯುತ್ತೇನೆ. ಸ್ಟುಡಿಯೊದವರು ಕೊಡುವ ಪಟ್ಟಿಯಲ್ಲಿ ಚಿತ್ರದಲ್ಲಿರುವ ಪ್ರತಿಯೊಬ್ಬರಿಗೂ ಒಂದು ಖಾಲಿ ಸಾಲು ಬಿಟ್ಟಿರುತ್ತಾರೆ. ಅದನ್ನು ಹಿಡಿದುಕೊಂಡು ಊರಿಗೆ ಹೋಗಿ ಕೇಳಿದಾಗ ಮೊರ ಹಿಡಿದ ಹೆಂಗಸನ್ನೂ ರೋಣಗಲ್ಲಿನ ಹಿಂದಿನ ಮುದುಕರನ್ನೂ ಗುರುತಿಸುವವರು ಸಿಕ್ಕಿದರು. ಆ ಎರಡು ಮನೆಗಳಿಗೂ ಒಂದೊಂದು ಪ್ರತಿ ಕೊಟ್ಟು ಬಂದೆವು.

ಇನ್ನೊಂದು ಡಬ್ಬಿಯಲ್ಲಿ, ಪಿಂಗಳ ಸಂವತ್ಸರದ ಅಂದರೆ 1917ರ ಗಾಜುಗಳಲ್ಲಿ, ಎಲ್ಲ ಚಿತ್ರದಲ್ಲೂ ಒಂದು ಪುಟ್ಟ ಮಗು ಅಲುಗಾಡಿ ಹೊಗೆಯಂತೆ ಬಂದಿದೆ; ನಾಲ್ಕು ಎಣಿಸುವವರೆಗೆ ಅದು ಸುಮ್ಮನೆ ಕೂರಲಾರದು. 1918ರ ಕೊನೆಯ ತಿಂಗಳುಗಳಲ್ಲಿ ಇನ್‌ಫ್ಲುಯೆಂಜಾ ಮೈಸೂರು ಸೀಮೆಯ ಹಳ್ಳಿಗಳನ್ನು ಹೊಕ್ಕಿತು. ಮರುವರ್ಷದ ಗಾಜುಗಳಲ್ಲಿ ಆ ಮಗುವಿಲ್ಲ. ಹಿಂದಿನ ಅಂಗಡಿಯವರಾಗಿದ್ದರೆ ಆ ಮಸುಕಿನ ಜಾಗದಲ್ಲಿ ಯಾವುದೋ ಮಗುವಿನ ಮುಖ ತುಂಬಿಸಿಕೊಡುತ್ತಿದ್ದರು. ಇಲ್ಲಿ ಅದನ್ನು ಮುಟ್ಟಿಲ್ಲ.

ಮಡಿ ಅಜ್ಜಿಯ ಸೀರೆ ಏಕೆ ಅಷ್ಟು ಕಪ್ಪಾಗಿದೆ ಎಂಬ ನನ್ನ ಪ್ರಶ್ನೆಗೂ ಉತ್ತರ ಸಿಕ್ಕಿತು. ಆ ಕಾಲದಲ್ಲಿ ಸಾಮಾನ್ಯವಾಗಿ ಸಿಗುತ್ತಿದ್ದ ಪ್ಲೇಟುಗಳಿಗೆ ಕೆಂಪು ಬೆಳಕು ತಟ್ಟುತ್ತಲೇ ಇರಲಿಲ್ಲ, ನೀಲಿ ಮಾತ್ರ ಬಲವಾಗಿ ತಟ್ಟುತ್ತಿತ್ತು. ಹಾಗಾಗಿಯೇ ಕೆಂಪು ಬಟ್ಟೆಯ ಲಾಂದ್ರದ ಕೆಳಗೆ ಅವನ್ನು ನಿರ್ಭಯವಾಗಿ ತೊಳೆಯಬಹುದಿತ್ತು. ಅದೇ ಕಾರಣಕ್ಕೆ ಆಕಾಶವೆಲ್ಲ ಬಿಳಿಯ ಹಾಳೆಯಂತೆ ಬರುತ್ತದೆ, ಮುತ್ತೈದೆಯರ ಹಣೆಯ ಕುಂಕುಮ ಮಸಿಯ ಬೊಟ್ಟಿನಂತೆ ಕಾಣುತ್ತದೆ, ಕೆಂಪು ಸೀರೆ ಇದ್ದಿಲಿನ ಬಣ್ಣಕ್ಕೆ ತಿರುಗುತ್ತದೆ. ತಂತ್ರಾಂಶ ಅದನ್ನು ಕಡುನೀಲಿ ಎಂದು ಊಹಿಸಿದ್ದು ಹೀಗೆ.

ಇನ್ನು ಖರ್ಚಿನ ಮಾತು. ಕ್ವಾರ್ಟರ್ ಪ್ಲೇಟಿಗೆ 400 ರೂಪಾಯಿ, ಹಾಫ್ ಪ್ಲೇಟಿಗೆ 600, ಒಡೆದ ಗಾಜಿಗೆ 1,500. ಪ್ರತಿ ಗಾಜಿಗೂ ಆಮ್ಲರಹಿತ ಕಾಗದದ ನಾಲ್ಕು ಮಡಿಕೆಯ ಹೊದಿಕೆ, ಅವನ್ನು ಉದ್ದದ ಅಂಚಿನ ಮೇಲೆ ನೇರವಾಗಿ ನಿಲ್ಲಿಸಿಡುವ ಪೆಟ್ಟಿಗೆ ಇವೆಲ್ಲ ಸೇರಿ ಗಾಜಿಗೆ 40 ರೂಪಾಯಿ. ನಾನು ಕೊಟ್ಟದ್ದು ಒಟ್ಟು 40,420 ರೂಪಾಯಿ, ಕಾಗದದ ಮೇಲಿನ ಪ್ರತಿಗಳ ಖರ್ಚು ಬೇರೆ. ಮಧ್ಯಮ ವರ್ಗದ ಮನೆಗೆ ಇದು ಚಿಕ್ಕ ಮೊತ್ತವಲ್ಲ. ನಾವು ಮೂರು ಮನೆಯವರು ಹಂಚಿಕೊಂಡೆವು. ಆದರೆ ಅವರು ಮುಂಗಡವಾಗಿ ಕಾಲು ಭಾಗ ಮಾತ್ರ ಪಡೆದರು, ಮೂರು ಗಾಜುಗಳನ್ನು ಮಾಡಿ ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ಉಳಿದವನ್ನು ಮುಟ್ಟಿದರು. ಎರಡು ಹಾರ್ಡ್ ಡಿಸ್ಕಿನಲ್ಲಿ ಕೊಟ್ಟು, ಒಂದನ್ನು ಬೇರೆಯವರ ಮನೆಯಲ್ಲಿಡಿ ಎಂದು ಹೇಳಿ ಕಳಿಸಿದರು.

ಕೊರತೆಗಳೂ ಇವೆ. ಆರು ವಾರ ಎಂದು ಹೇಳಿದ್ದ ಕೆಲಸಕ್ಕೆ ಹನ್ನೊಂದು ವಾರ ಹಿಡಿಯಿತು, ತಡವಾಗುತ್ತದೆ ಎಂದು ಅವರಾಗಿ ಒಮ್ಮೆಯೂ ತಿಳಿಸಲಿಲ್ಲ. ಬೆಳಿಗ್ಗೆ ಹನ್ನೊಂದರವರೆಗೆ ಫೋನನ್ನೂ ಎತ್ತುವುದಿಲ್ಲ. ಎರಡು ತಿಂಗಳು ಮನೆಯ ಆಸ್ತಿ ಬೇರೆಯವರ ಬಳಿ ಇರುವಾಗ ವಾರಕ್ಕೊಂದು ಸಂದೇಶ ಬಂದಿದ್ದರೆ ನಿದ್ದೆ ಸುಲಭವಾಗುತ್ತಿತ್ತು. ಮೆಟ್ಟಿಲುಗಳಿಗೆ ಹಿಡಿಕಂಬಿಯಿಲ್ಲ. ಮೊದಲು ಕೊಟ್ಟ ಪಟ್ಟಿ ಇಂಗ್ಲಿಷಿನಲ್ಲಿತ್ತು. ಕೇಳಿದ ಮೇಲೆ ಕನ್ನಡದಲ್ಲಿ ಮಾಡಿಕೊಟ್ಟರು, ಆದರೆ ಅದರಲ್ಲಿ ಒಂದು ಡಬ್ಬಿಯ ಮೇಲಿನ ಮಾಸಿದ ‘ರಕ್ತಾಕ್ಷಿ’ಯನ್ನು ಸಹಾಯಕಿ ‘ರಾಕ್ಷಸ’ ಎಂದು ಓದಿದ್ದರಿಂದ 1924ರ ಗಾಜುಗಳೆಲ್ಲ 1915ರ ಲೆಕ್ಕಕ್ಕೆ ಹೋಗಿದ್ದವು. ಆ ಚಿತ್ರಗಳ ತೊಟ್ಟಿಲಲ್ಲಿರುವುದು ನಮ್ಮ ದೊಡ್ಡಪ್ಪ ಎಂದು ಅತ್ತೆ ಹೇಳಿದ್ದರಿಂದ ತಪ್ಪು ಹೊರಬಿತ್ತು. ವಾರದೊಳಗೆ ಫೈಲುಗಳ ಹೆಸರುಗಳನ್ನೆಲ್ಲ ತಿದ್ದಿ, ಬೇರೆ ಹಣ ಕೇಳದೆ ಹೊಸ ಪಟ್ಟಿ ಕೊಟ್ಟರು. ಕಾಗದದ ಮೇಲಿನ ಪ್ರತಿಗಳಲ್ಲಿ ಕಪ್ಪು ನಾನು ನಿರೀಕ್ಷಿಸಿದಷ್ಟು ಆಳವಾಗಿಲ್ಲ. ಮದುವೆಗೋ ಅರವತ್ತರ ಶಾಂತಿಗೋ ಉಡುಗೊರೆ ಕೊಡಲು ಹೊಳೆಯುವ ಬಣ್ಣದ ಚಿತ್ರ ಬೇಕೆನ್ನುವವರಿಗೆ ಈ ಸ್ಟುಡಿಯೊ ಒಗ್ಗುವುದಿಲ್ಲ, ಆತುರವಿರುವವರಿಗಂತೂ ಖಂಡಿತ ಒಗ್ಗುವುದಿಲ್ಲ.

ಹೋಗುವವರು ಗಾಜುಗಳನ್ನು ಮನೆಯಲ್ಲಿ ಒರೆಸದೆ, ತೊಳೆಯದೆ, ಒಂದರ ಮೇಲೊಂದು ಪೇರಿಸದೆ, ಮೂಲ ಡಬ್ಬಿ ಎಷ್ಟೇ ಹರಿದಿದ್ದರೂ ಅದರೊಡನೆಯೇ ಒಯ್ಯಿರಿ. ನಮ್ಮ ಚಿತ್ರಗಳ ಕಾಲ ತಿಳಿದದ್ದು ಆ ಡಬ್ಬಿಗಳ ಮೇಲಿನ ಪೆನ್ಸಿಲ್ ಬರಹದಿಂದ. ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಿಂದ ನಡೆದುಹೋಗಬಹುದು, ಆದರೆ ಕೈಯಲ್ಲಿ ಗಾಜಿದ್ದರೆ ಆಟೋ ಒಳ್ಳೆಯದು. ಸಾಧ್ಯವಾದರೆ ಮನೆಯ ಹಿರಿಯರೊಬ್ಬರನ್ನು ಕರೆದೊಯ್ಯಿರಿ, ಅವರ ನೆನಪನ್ನು ಬರೆದುಕೊಳ್ಳಲು ಅಲ್ಲಿ ಬೇಸರಪಡುವುದಿಲ್ಲ.

ಈಗ ಚಿಕ್ಕಪ್ಪನ ಮನೆಯಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿದೆ, ಒಳಗೆ ನಮ್ಮ ಅಜ್ಜ 1950ರ ಸುಮಾರಿಗೆ ತೆಗೆದ ಫಿಲ್ಮ್ ಸುರುಳಿಗಳಿವೆ, ಮುಚ್ಚಳ ತೆಗೆದರೆ ವಿನಿಗರಿನಂಥ ಹುಳಿ ವಾಸನೆ ಬರುತ್ತದೆ. ಅಸಿಟೇಟ್ ಫಿಲ್ಮ್ ಕೆಡತೊಡಗಿದ ಗುರುತು ಅದು, ಗಾಜುಗಳ ಹತ್ತಿರ ಇಡಬೇಡಿ, ತಡಮಾಡದೆ ತನ್ನಿ ಎಂದು ಸ್ಟುಡಿಯೊದವರು ಹೇಳಿದ್ದಾರೆ. ಬರುವ ಸೋಮವಾರ ಹನ್ನೊಂದರ ಮೇಲೆ ಹೋಗುತ್ತಿದ್ದೇನೆ, ಅತ್ತೆಯೂ ಬರುತ್ತಾರಂತೆ.